ಪಿಸ್ತೂಲಿನ ಕೊಸರು

ದುಬೈಯ ನಮ್ಮ ಕಚೇರಿಯಲ್ಲಿ ಒಂದು ನಿಯಮವಿತ್ತು. ಏನೇ ಕೊಳ್ಳುವುದಿದ್ದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಬೇಕು, ಕೆಳಗೆ ಅರ್ಬಾಬರ ಸಹಿ ಬೀಳಬೇಕು. ಅರ್ಬಾಬ್ ಎಂದರೆ ಕಂಪನಿಯ ಯಜಮಾನರು, ಆ ದೇಶದವರೇ. ಖರೀದಿ ವಿಭಾಗ ನನ್ನದು, ವಿಭಾಗವೆಂದರೆ ನಾನೊಬ್ಬನೇ. ಅಲ್ ಮುರಕ್ಕಬಾತ್ ಬಡಾವಣೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಕೂತು ಹದಿನಾರು ವರ್ಷ ಏಸಿ ಪೈಪು, ತಾಮ್ರದ ತಂತಿ, ಬಚ್ಚಲಿನ ಟೈಲ್ಸು, ಒಮ್ಮೆ ಎರಡು ಒಂಟೆಗಳ ಮೇವು, ಎಲ್ಲಕ್ಕೂ ಮೂರು ಮೂರು ಕೊಟೇಶನ್ ತರಿಸಿದ್ದೆ. ಮೇವಿನ ಹಾಳೆ ಈಗಲೂ ಆ ಫೈಲಿನಲ್ಲಿ ಇರಬೇಕು.

ಎರಡು ಸಾವಿರದ ಹತ್ತರ ದಶಕದ ನಡುವೆ, ಒಂದು ಚಳಿಗಾಲದ ಬೆಳಿಗ್ಗೆ, ಅರ್ಬಾಬರು ನನ್ನನ್ನು ಕರೆದು ಬಾಗಿಲು ಹಾಕಿಸಿದರು. ಅರವತ್ತು ದಾಟಿದ ಮನುಷ್ಯ. ಚಿಕ್ಕಂದಿನಲ್ಲಿ ತಂದೆಯ ಜೊತೆ ಹಡಗಿನಲ್ಲಿ ಮುಂಬಯಿಗೆ ಹೋಗಿ ಬಂದು ಕಲಿತ ಹಿಂದಿ ಅವರದು. ನಮ್ಮ ಮಾತೆಲ್ಲ ಅದರಲ್ಲೇ. ಮೇಜಿನ ಮೇಲೆ ಪೊಲೀಸರ ಅನುಮತಿ ಪತ್ರವಿತ್ತು. ಹೊಸ ಪಿಸ್ತೂಲು ತೆಗೆದುಕೊಳ್ಳಬೇಕು, ನ್ಯಾಯವಾದ ಬೆಲೆ ಎಷ್ಟೆಂದು ಹುಡುಕು ಎಂದರು. ಪರದೇಶದವರು ನಾವು ಅದನ್ನು ಮುಟ್ಟುವಂತೆಯೇ ಇಲ್ಲವಲ್ಲ ಎಂದು ಹೇಳಿದೆ.

"ಬೆಲೆ ಕೇಳಲಿಕ್ಕೆ ಕೈ ಯಾಕೆ?" ಎಂದರು.

ವಿಷಯ ಪಿಸ್ತೂಲಿನದಲ್ಲ, ಅರ್ಬಾಬರ ತಮ್ಮನದು. ಅವರ ಮನೆಯ ಮಜ್ಲಿಸಿನಲ್ಲಿ, ಎಂದರೆ ಅತಿಥಿಗಳ ಹಜಾರದಲ್ಲಿ, ಪ್ರತಿ ಗುರುವಾರ ಸಂಜೆ ಗಂಡಸರು ಸೇರುತ್ತಿದ್ದರು. ಯಾರು ಏನು ಕೊಂಡರೂ ಉಳಿದವರು ಬೆಲೆ ಕೇಳುವುದು, ಆಮೇಲೆ ತೀರ್ಪು ಕೊಡುವುದು ಅಲ್ಲಿಯ ಪದ್ಧತಿ. ಹಿಂದಿನ ವರ್ಷ ಅರ್ಬಾಬರು ಒಂದು ರತ್ನಗಂಬಳಿ ಕೊಂಡು ಬೆಲೆ ಹೇಳಿದಾಗ ಈ ತಮ್ಮ ತೊಡೆ ತಟ್ಟಿಕೊಂಡು ನಕ್ಕಿದ್ದನಂತೆ. ಅಂದಿನಿಂದ ಯಾವ ಹೊಸ ಅತಿಥಿ ಬಂದು ಅದರ ಮೇಲೆ ಕೂತರೂ, ಕಾವಾ ಕಾಫಿ ಬರುವ ಮೊದಲೇ ತಮ್ಮ ಅದರ ಬೆಲೆ ಹೇಳಿ ಮುಗಿಸುತ್ತಿದ್ದ. ಈಗ ಎರಡು ತಿಂಗಳ ಹಿಂದೆ ಅವನೊಂದು ಪಿಸ್ತೂಲು ಕೊಂಡಿದ್ದಾನೆ. ಅದೇ ಕಂಪನಿಯದು, ಅದೇ ಮಾದರಿ ಅಣ್ಣನಿಗೂ ಬೇಕು. ಎಷ್ಟು ಕೊಟ್ಟೆ ಎಂದರೆ ಹೇಳುತ್ತಿಲ್ಲ. ಅಣ್ಣ ಮೊದಲು ಕೊಳ್ಳಲಿ, ಆಮೇಲೆ ನೋಡೋಣ ಎನ್ನುತ್ತಾನೆ.

"ಈ ಸಲ ಬೆಲೆಯನ್ನು ಜೋರಾಗಿ ಹೇಳುವ ಹಾಗಿರಬೇಕು," ಎಂದರು ಅರ್ಬಾಬ್. ನನಗೆ ಅವರ ಕಷ್ಟ ಅರ್ಥವಾಯಿತು.

ನಾನು ಗೊತ್ತಿದ್ದ ದಾರಿಯನ್ನೇ ಹಿಡಿದೆ. ಮೂರು ಅಂಗಡಿಗಳಿಗೆ ಫೋನು ಮಾಡಿದೆ. ಮೊದಲನೆಯವರು ನಾನು ಯಾವ ದೇಶದವನು ಎಂದು ಕೇಳಿ ಫೋನಿಟ್ಟರು. ಎರಡನೆಯವರು ಯಾವ ದೇಶ ಎಂದು ಎರಡು ಸಲ ಕೇಳಿ ಫೋನಿಟ್ಟರು. ಮೂರನೆಯವರು ಅನುಮತಿ ಇರುವವರೇ ಬರಲಿ ಎಂದರು. ನಮ್ಮದೇ ಕಟ್ಟಡದಲ್ಲಿ ಕೊಡಗಿನ ಒಬ್ಬ ಎಂಜಿನಿಯರು ಇದ್ದರು. ಮನೆಯಲ್ಲಿ ಕೋವಿ ಇರುವವರು, ಅಂದಾಜು ಗೊತ್ತಿರಬಹುದೆಂದು ಕೇಳಿದೆ. ಅವರು ತಮ್ಮ ಮನೆಯ ಕೋವಿಯನ್ನು ಯಾರೂ ಕೊಂಡದ್ದಲ್ಲ, ಅದು ಮೊದಲಿಂದಲೂ ಇದೆ ಎಂದರು. ನಾನು ಪಿಸ್ತೂಲು ಎಂದು ತಲೆಬರಹ ಹಾಕಿದ ಹಾಳೆಯಲ್ಲಿ ಮೂರು ಖಾಲಿ ಅಂಕಣ ಎಳೆದು ಒಯ್ದೆ. ಅರ್ಬಾಬರು ಅಭ್ಯಾಸಬಲದಿಂದ ಸಹಿ ಹಾಕಿದರು.

ಅನುಮತಿ ಇರುವವರೇ ಬರಬೇಕಾದ್ದರಿಂದ ಇಬ್ಬರೂ ಒಟ್ಟಿಗೆ ಹೊರಟೆವು. ದುಬೈಯ ಅಂಗಡಿಯಲ್ಲಿ ಒಂಬತ್ತು ಸಾವಿರದ ಒಂಬೈನೂರು ದಿರಮ್ ಎಂದರು. ಕಾವಾ ಕೊಟ್ಟರು, ಖರ್ಜೂರ ಕೊಟ್ಟರು, ಒಂದು ದಿರಮ್ ಬಿಡಲಿಲ್ಲ. ಎರಡು ದಿನ ಬಿಟ್ಟು ಅಬುಧಾಬಿಗೆ ಹೋದೆವು. ಕಾರಿನಲ್ಲಿ ನಾನು ಹೆಂಡತಿ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಅಲ್ಲಿ ಗಾಜಿನ ಮೇಜಿನ ಹಿಂದೆ ಕೋಟು ಹಾಕಿದ, ನಲವತ್ತರ ಆಸುಪಾಸಿನ ಮಾರಾಟಗಾರ. ಅರ್ಬಾಬರ ಕಾಗದವನ್ನು ಎರಡು ಸಲ ಓದಿ, ಹಸಿರು ಬಟ್ಟೆ ಹಾಸಿ, ಅದರ ಮೇಲೆ ಪಿಸ್ತೂಲನ್ನು ಇಟ್ಟ. ನೋಡಲು ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಒಂಬತ್ತು ಸಾವಿರದ ಐನೂರು ಎಂದ. ನನ್ನ ಬಾಯಿಂದ ಮೆಲ್ಲಗೆ "ದೇವೆರೇ" ಎಂದು ತುಳುವಿನಲ್ಲಿ ಹೊರಬಿತ್ತು.

ಅವನು ತಲೆ ಎತ್ತದೆಯೇ ಕೇಳಿದ, "ಊರಲ್ಲಿ ಎಲ್ಲಿ ಆಯ್ತು, ಅಣ್ಣ?"

ಆಮೇಲೆ ಹತ್ತು ನಿಮಿಷ ಪಿಸ್ತೂಲು ಅಲ್ಲೇ ಬಿದ್ದಿತ್ತು. ಅವನು ನಮ್ಮ ಕರಾವಳಿಯ ಕಾಪು ಕಡೆಯ ಬ್ಯಾರಿ ಮುಸಲ್ಮಾನ. ನಮ್ಮ ಊರು ಅಲ್ಲಿಂದ ಎರಡು ಮೈಲಿ. ಯಾವ ಓಣಿ, ಯಾವ ಬಾವಿ, ಬಾವಿಯ ಪಕ್ಕ ಯಾವ ಮನೆ ಎಂದು ಹತ್ತಿರ ಹತ್ತಿರ ಬಂದ ಹಾಗೆ ತಿಳಿದದ್ದೇನೆಂದರೆ, ನಮ್ಮ ಓಣಿಗೆ ಇಪ್ಪತ್ತು ವರ್ಷ ಸೈಕಲ್ಲಿನಲ್ಲಿ ಮೀನು ತಂದವರು ಅವನ ಅಪ್ಪ. ಅವರ ಹಾರ್ನಿನ ಸದ್ದಿಗೆ ನಮ್ಮ ಬೆಕ್ಕು ಅಮ್ಮನಿಗಿಂತ ಮೊದಲು ಗೇಟು ಮುಟ್ಟುತ್ತಿತ್ತು.

ಅರ್ಬಾಬರು ಜಪಸರ ತಿರುಗಿಸುತ್ತ ಕೇಳಿದರು, ಬೆಲೆ ಎಷ್ಟು ಇಳಿಸಿದ ಎಂದು. ಇನ್ನೂ ಇಲ್ಲ, ನಮ್ಮ ಮನೆಯ ಬಾವಿಯ ಬಗ್ಗೆ ಕೇಳುತ್ತಿದ್ದಾನೆ ಎಂದೆ.

ಇಲ್ಲಿ ನನಗೆ ಕೈ ಕಟ್ಟಿಹಾಕಿದಂತಾಯಿತು. ಗುರುತಿಲ್ಲದವರ ಹತ್ತಿರ ನಾನು ಅರ್ಧ ದಿನ ಚೌಕಾಸಿ ಮಾಡಬಲ್ಲೆ. ಆದರೆ ಅಪ್ಪನ ಆರೋಗ್ಯ ವಿಚಾರಿಸಿದ ಬಾಯಲ್ಲೇ ಮಗನಿಗೆ "ಕಡಿಮೆ ಮಾಡು" ಎನ್ನುವುದು ಹೇಗೆ? ದಾಕ್ಷಿಣ್ಯ ಎನ್ನುವುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರ್ಬಾಬರಿಗೆ ಹೇಳುತ್ತಿದ್ದೆ. ಸುಮ್ಮನೆ ಪಿಸ್ತೂಲನ್ನೇ ನೋಡುತ್ತ ನಿಂತೆ. ಕೊನೆಗೆ, ಒಂಬತ್ತು ಸಾವಿರದ ಐನೂರಕ್ಕೇ ಮಾತು ಮುಗಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ತಡೆದ.

"ಅಣ್ಣ, ನಿಮ್ಮ ಅಮ್ಮ ಇದ್ದಿದ್ರೆ ಇಷ್ಟಕ್ಕೆ ತಗೊಳ್ತಿದ್ರಾ? ಆ ಬಾವಿ ಹತ್ತಿರದ ಮನೆಯ ಅಮ್ಮ ಚರ್ಚೆ ಮಾಡ್ಲಿಲ್ಲ ಅಂದ್ರೆ ಅವತ್ತು ಮೀನು ಚಂದ ಇಲ್ಲ ಅಂತ ಲೆಕ್ಕ, ಹಾಗೆ ಹೇಳ್ತಿದ್ರು ನನ್ನ ಅಪ್ಪ. ನೀವು ಹೀಗೆ ಸುಮ್ಮನೆ ನಿಂತ್ರೆ ನನ್ನ ಸಾಮಾನಿಗೇ ಮರ್ಯಾದೆ ಇಲ್ಲ ಮಾರಾಯ್ರೆ."

ಅಮ್ಮನ ಕ್ರಮ ನನಗೆ ಬಾಯಿಪಾಠ. ಮೊದಲು ಬಂಗುಡೆಯ ಕಿವಿರು ಎತ್ತಿ ನೋಡಬೇಕು. ಇಲ್ಲಿ ಮುಟ್ಟುವಂತಿಲ್ಲವಾದ್ದರಿಂದ ಬಗ್ಗಿ ನೋಡಿದೆ. ಬಣ್ಣ ಒಂದು ಬದಿಗೆ ಮಂಕಾಗಿದೆ ಎಂದೆ. ಅದು ಬೆಳಕಿನಿಂದ ಹಾಗೆ ಕಾಣುವುದು ಎಂದ. ಎಂಟು ಸಾವಿರ ಎಂದೆ. ಒಂಬತ್ತು ಸಾವಿರದ ಇನ್ನೂರು, ಅದಕ್ಕಿಂತ ಕೆಳಗೆ ಮ್ಯಾನೇಜರು ಬೈತಾರೆ ಎಂದ. ಅಮ್ಮ ಈ ಹಂತದಲ್ಲಿ ಬೇಡ ಎಂದು ತಿರುಗಿ ತುಳಸಿಕಟ್ಟೆಯವರೆಗೆ ನಡೆಯುವುದು, ಅಷ್ಟರಲ್ಲಿ ಅವನ ಅಪ್ಪ ಒಮ್ಮೆ ಹಾರ್ನು ಒತ್ತುವುದು, ಅಮ್ಮ ವಾಪಸು ಬರುವುದು. ನಾನು ಬೇಡ ಎಂದು ಬಾಗಿಲ ಕಡೆ ತಿರುಗಿದೆ.

ಅರ್ಬಾಬರಿಗೆ ಇದೊಂದನ್ನು ಹೇಳಿರಲಿಲ್ಲ. ಅವರು "ಖಲಾಸ್" ಎಂದು ಎದ್ದು, ನನಗಿಂತ ಮೊದಲೇ ಹೊರಗೆ ಹೋಗಿ ಕಾರಿನಲ್ಲಿ ಕೂತು ಬೆಲ್ಟು ಕಟ್ಟಿಕೊಂಡುಬಿಟ್ಟರು. ನಾನು ಹೋಗಿ ಗಾಜು ತಟ್ಟಿ, ಇದು ಸಿಟ್ಟಲ್ಲ, ಪದ್ಧತಿ, ಅವನು ಈಗ ಕರೆಯುತ್ತಾನೆ ಎಂದೆ. ಕರೆಯದಿದ್ದರೆ ಎಂದು ಕೇಳಿದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾಗಾಗಿಲ್ಲ ಎಂದೆ. ಯಾರ ಇಪ್ಪತ್ತು ವರ್ಷ ಎಂದು ವಿವರಿಸುವ ಮೊದಲು ಅವನು ಬಾಗಿಲಿಗೆ ಬಂದು ಕೆಮ್ಮಿದ.

ಎಂಟು ಸಾವಿರದ ಏಳುನೂರಕ್ಕೆ ಇತ್ಯರ್ಥವಾಯಿತು. ಅವನು ಬಿಲ್ಲು ಬರೆಯಲು ಪೆನ್ನು ತೆಗೆದಾಗ, ಕೊಸರು ಎಲ್ಲಿ ಎಂದು ಕೇಳಿದೆ. ಅವನ ಅಪ್ಪ ಮೀನನ್ನು ಎಲೆಯಲ್ಲಿ ಸುತ್ತುವ ಮೊದಲು ಮೇಲಿಂದ ಎರಡು ಬೂತಾಯಿ ಪುಕ್ಕಟೆ ಹಾಕುತ್ತಿದ್ದರು. ಅವನು ನನ್ನ ಮುಖ ನೋಡಿ, ಹಿಂದಿನ ಕಪಾಟಿನಿಂದ ಪಿಸ್ತೂಲಿಡಲು ಸೊಂಟಕ್ಕೆ ಕಟ್ಟುವ ಚರ್ಮದ ಚೀಲವೊಂದನ್ನು ತೆಗೆದು ಹಸಿರು ಬಟ್ಟೆಯ ಮೇಲೆ ಇಟ್ಟ. ಪೊಲೀಸರಲ್ಲಿ ದಾಖಲಾಗಿ ಪಿಸ್ತೂಲು ಕೈಗೆ ಸಿಗಲು ಒಂದು ವಾರ ಬೇಕಿತ್ತು. ಚೀಲವನ್ನು ಅರ್ಬಾಬರು ಅಂದೇ ತಂದರು. ದಾರಿಯಲ್ಲಿ ಅವಲಕ್ಕಿ ತಿನ್ನುತ್ತ, ಕೊಸರು ಎಂದರೆ ಏನೆಂದು ಮೂರು ಸಲ ಕೇಳಿ ತಿಳಿದುಕೊಂಡರು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, "ಅಂತೂ ಪಿಸ್ತೂಲಿಗೂ ಕೊಸರು ಕೇಳಿ ಬಂದ್ರಲ್ಲ. ಇನ್ನು ನಿಮ್ಮ ಜೊತೆ ಬಂಗಾರದ ಅಂಗಡಿಗೆ ನಾನು ಬರುದಿಲ್ಲ," ಎಂದಳು.

ಪಿಸ್ತೂಲು ಬಂದ ಗುರುವಾರ ನನ್ನನ್ನೂ ಮಜ್ಲಿಸಿಗೆ ಕರೆದಿದ್ದರು, ಹಾಳೆಯ ಸಮೇತ. ಬಾಗಿಲ ಬಳಿ ಕೂತೆ. ಅರ್ಬಾಬರ ತಮ್ಮ ಗುಂಡಗಿನ, ನಗುಮುಖದ ಮನುಷ್ಯ. ಎಷ್ಟು ಎಂದು ಕೇಳಿದ. ಅರ್ಬಾಬರು ಎಂಟು ಸಾವಿರದ ಏಳುನೂರು ಎಂದು, ಹೊರಗೆ ಕಾವಾ ಕಾಯಿಸುವವನಿಗೂ ಕೇಳುವ ಹಾಗೆ, ಹೇಳಿದರು. ಆಮೇಲೆ ಚೀಲ ಎತ್ತಿ ತೋರಿಸಿ, "ಇದು ಕೂಸರ್," ಎಂದರು. ತಮ್ಮ ನಗಲಿಲ್ಲ. ಚೀಲವನ್ನು ಕೈಗೆ ತೆಗೆದುಕೊಂಡು ಹೊಲಿಗೆ ನೋಡಿದ. ಅಂದು ಒಬ್ಬ ಹೊಸ ಅತಿಥಿ ಬಂದು ರತ್ನಗಂಬಳಿಯ ಮೇಲೆ ಕೂತರು. ಅದರ ಬೆಲೆಯನ್ನು ಯಾರೂ ಅವರಿಗೆ ಹೇಳಲಿಲ್ಲ.

ತಾನೆಷ್ಟು ಕೊಟ್ಟೆನೆಂದು ತಮ್ಮ ಅಂದೂ ಹೇಳಲಿಲ್ಲ. ಅಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಅಂದು ಬೆಳಿಗ್ಗೆ ನನ್ನ ಮೇಜಿನ ಫೋನಿಗೆ ಕರೆ ಮಾಡಿದ. ಅಣ್ಣನಿಗೆ ಹೇಳಬೇಡ ಎಂದು ಶುರುಮಾಡಿ, ಆ ಪದ್ಧತಿಯ ಬಗ್ಗೆ ಒಂದು ವಿಷಯ ಕೇಳಬೇಕಿತ್ತು ಎಂದ. ಎರಡು ತಿಂಗಳ ಹಿಂದೆ ಕೊಂಡ ಸಾಮಾನಿಗೆ ಈಗ ಹೋಗಿ ಕೊಸರು ಕೇಳಬಹುದೇ?

ನಮ್ಮ ಕಡೆ ಎಲೆಯಲ್ಲಿ ಸುತ್ತುವ ಮೊದಲೇ ಕೇಳಬೇಕು ಎಂದೆ.