ಮಾರಿಕಣಿವೆಯಲ್ಲಿ ಎದೆಯುದ್ದ ನೀರು

ಬೊಂಬಾಯಿಯಿಂದ ತರಿಸಿದ ಹೊಸ ಸಿಲಿಂಡರನ್ನು, ನೀರಿನಡಿಯಲ್ಲಿ ಉಸಿರಾಡಲು ಗಾಳಿ ತುಂಬಿದ್ದನ್ನು, ಪರೀಕ್ಷಿಸಲು ನಾನೂ ಗೆಳೆಯ ಬಷೀರನೂ ಹಿರಿಯೂರಿಗೆ ಬಂದಿದ್ದೆವು. ಬೆಳಗಿನಿಂದ ಮಾರಿಕಣಿವೆಯ ಹಿನ್ನೀರಿನ ದಂಡೆಯಲ್ಲಿ ನಡೆದು, ಜೊಂಡಿಲ್ಲದ, ತಳ ಕಾಣುವ, ಎದೆಯುದ್ದ ನೀರಿನ ಜಾಗವೊಂದನ್ನು ಆರಿಸಿದೆವು. ಏನಾದರೂ ಕೆಟ್ಟರೆ ಅಲ್ಲಿ ಎದ್ದು ನಿಂತರೆ ಸಾಕು.

ಕುರಿ ಕಾಯುವ ಹೆಂಗಸೊಬ್ಬಳು ಹತ್ತಿರ ಬಂದಳು. ಹಿಂದಿನ ದಿನ ತೆಪ್ಪ ಮಗುಚಿ ಅವಳ ಗಂಡ ಮುಳುಗಿದ್ದ. ದೇಹ ಇನ್ನೂ ಸಿಕ್ಕಿರಲಿಲ್ಲ.

“ನೀರಾಗೆ ಉಸ್ರಾಡೋ ಮಿಷನ್ ಐತಂತಲ್ರಿ. ಆ ಬಂಡೆ ಹತ್ರ ಆಳ ಐತೆ, ಒಂದ್ಸಲ ನೋಡ್ರಿ,” ಎಂದು ದೂರದಲ್ಲಿ ನೀರಿನಿಂದ ಎದ್ದ ಬಂಡೆಯೊಂದನ್ನು ತೋರಿಸಿದಳು.

“ಮೊದ್ಲು ಇಲ್ಲಿ ನೋಡ್ತೀನಮ್ಮ. ಸರಿಯಾದ್ರೆ ಅಲ್ಲಿಗೂ ಇಳೀತೀನಿ,” ಎಂದ ಬಷೀರ್.

ಅವನ ಸೊಂಟದ ಹಗ್ಗ ಹಿಡಿದು ನಾನು ದಡದಲ್ಲಿ ನಿಂತೆ. ಅವನು ಮುಳುಗಿದ. ಸ್ವಲ್ಪ ಹೊತ್ತು ಗುಳ್ಳೆಗಳು ಒಂದೇ ಸಮನೆ ಬಂದವು, ಆಮೇಲೆ ನಿಂತವು. ನಾನು ಹಗ್ಗ ಜಗ್ಗುವಷ್ಟರಲ್ಲಿ ಅವನೇ ಎದ್ದು, ಬಾಯಿಯ ನಳಿಕೆ ಕಿತ್ತು, ಕೆಮ್ಮುತ್ತಾ ತಡವರಿಸಿದ. ಸಿಲಿಂಡರಿನಿಂದ ಗಾಳಿ ಬರುವುದೇ ನಿಂತಿತ್ತು. ನನಗಿಂತ ಮೊದಲು ಆ ಹೆಂಗಸು ಸೀರೆ ಸಮೇತ ನೀರಿಗಿಳಿದು, ಅವನ ತೋಳು ಹಿಡಿದು ದಡಕ್ಕೆ ತಂದಳು.

ಉಸಿರು ಬಂದ ಮೇಲೆ ಬಷೀರ್ ಬಂಡೆಯ ಕಡೆ ನೋಡಿ, “ಸಿಲಿಂಡರ್ ಬಿಟ್ಟು ಹಂಗೇ ಒಂದ್ಸಲ ಇಳೀತೀನಿ,” ಎಂದ.

ಅವಳು ತೋಳು ಬಿಡಲಿಲ್ಲ. “ಬ್ಯಾಡ್ರಿ, ಕುಂತ್ಕಳ್ರಿ,” ಎಂದಳು. “ನಿಮ್ಮನ್ಯಾಗೂ ಕಾಯ್ತಿರ್ತಾರೆ.”