ಬಳ್ಳಾರಿ ಶಿಬಿರ ಮತ್ತು ನಾಗವೇಣಿಯ ಅಕ್ಕ

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಚಿತ್ರದುರ್ಗದಲ್ಲಿ ಬಳ್ಳಾರಿ ಬಸ್ಸು ಹತ್ತಿದೆ. ಶಿಕ್ಷಕರಿಗೂ ಬರಹಗಾರರಿಗೂ ಸೇರಿಸಿ ನಡೆಸುವ ಐದು ದಿನಗಳ ಬೇಸಿಗೆ ಬರವಣಿಗೆ ಶಿಬಿರಕ್ಕೆ ಹೊರಟಿದ್ದೆ. ಊಟ, ವಸತಿ ಎಲ್ಲ ಶಿಬಿರದವರದೇ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಇಂಥ ಕರೆ ಬಂದದ್ದು ಅದೇ ಮೊದಲು. ‘ಪುಕ್ಕಟೆ ಊಟ ಹಾಕೋರು ಕೊನೇ ದಿನ ಏನಾದ್ರೂ ಮಾರ್ತಾರೆ, ನೋಡ್ತಿರು’ ಎಂದು ನಮ್ಮ ಯಜಮಾನರು ಬಸ್‌ಸ್ಟ್ಯಾಂಡಿನವರೆಗೂ ಹೇಳುತ್ತಲೇ ಬಂದಿದ್ದರು. ಹೆಂಗಸರಿಗೆ ಬಸ್ ಚಾರ್ಜೂ ಇಲ್ಲದ್ದರಿಂದ ನನಗೂ ಅದು ಹೌದೆನ್ನಿಸಿತು. ಇಷ್ಟೆಲ್ಲ ಸಲೀಸಾಗಿ ಸಿಕ್ಕಿದರೆ ನನಗೆ ನಿದ್ದೆ ಬರುವುದಿಲ್ಲ.

ಚಳ್ಳಕೆರೆ ದಾಟಿದ ಮೇಲೆ ಕಿಟಕಿಯ ಗಾಳಿ ಒಲೆಯ ಬಾಯಿಗೆ ಮುಖ ಒಡ್ಡಿದಂತಿತ್ತು. ಬಳ್ಳಾರಿಯಲ್ಲಿ ಇಳಿದಾಗ ಊರ ನಡುವಿನ ಬೋಳು ಗುಡ್ಡವೂ ಬಿಸಿಲಿಗೆ ನಡುಗುತ್ತಿರುವಂತೆ ಕಂಡಿತು. ಆಟೋದವನು ಮೊದಲು ತೆಲುಗಿನಲ್ಲಿ ಮಾತಾಡಿಸಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂದ. ಕಂಟೋನ್ಮೆಂಟಿಗೆ ನೂರಿಪ್ಪತ್ತು ಎಂದ. ನಾನು ಎಂಬತ್ತು ಎಂದೆ. ‘ಇಂಥಾ ಬಿಸ್ಲಾಗ ಚೌಕಾಸಿ ಮಾಡಬ್ಯಾಡ್ರಿ ಅಕ್ಕಾರ, ಇಬ್ರೂ ಕರಗಿ ಹೋಗ್ತೀವಿ’ ಎಂದು ನೂರಕ್ಕೆ ಒಪ್ಪಿಸಿದ.

ಶಿಬಿರ ಇದ್ದದ್ದು ಬೇವಿನ ಮರಗಳ ನಡುವಿನ ಹಳೆಯ ಬಂಗಲೆಯಲ್ಲಿ. ದಪ್ಪ ಗೋಡೆ, ಎತ್ತರದ ಬಾಗಿಲು. ಒಳಗೆ ಕಾಲಿಟ್ಟರೆ ತಂಪೋ ತಂಪು. ಶಿಬಿರದ ನಿರ್ದೇಶಕರು ಗುರುರಾಜ ಸರ್, ನಿವೃತ್ತ ಕನ್ನಡ ಉಪನ್ಯಾಸಕರು. ಹಣೆಗೆ ಅಂಗಾರ, ಅಕ್ಷತೆ, ಕೈಯಲ್ಲಿ ಕೆಂಪು ಪೆನ್ನು. ನಾವೆಲ್ಲ ಬರೆದದ್ದರಲ್ಲಿ ಕೆಲವನ್ನು ಆರಿಸಿ ಶಾಲಾ ಮಕ್ಕಳ ಓದಿಗೆ ಪುಸ್ತಕ ಮಾಡುತ್ತೇವೆ ಎಂದರು. ಎಲ್ಲರ ಮುಖ ಅರಳಿತು. ಕೂಡಲೇ ಸೇರಿಸಿದರು: ‘ಈಗ ನೋಡ್ರಿ, ಮೊಬೈಲೇ ಕಥಿ ಬರದುಕೊಡ್ತದ. ಅಂಥಾದ್ದು ಏನಾದ್ರೂ ಸಿಕ್ಕರ ಅವರನ್ನ ಮನಿಗೆ ಕಳಿಸಿ, ಅವರ ಶಾಲೆಗೂ ತಿಳಿಸಬೇಕಾಗ್ತದ.’

ಆಮೇಲೆ ಶಿಬಿರದ ಗಾಳಿಯೇ ಬದಲಾಯಿತು. ಯಾರ ಜೇಬಿನಲ್ಲಿ ಫೋನು ಮಿಡುಕಿದರೂ ಹತ್ತು ತಲೆ ಅತ್ತ ತಿರುಗುತ್ತಿದ್ದವು. ಹೊಸಪೇಟೆಯಿಂದ ಬಂದ ಕವಿಯೊಬ್ಬರು ಊಟಕ್ಕೆ ಕೂತಾಗ ಫೋನನ್ನು ಬೋರಲು ಹಾಕಿ ಅದರ ಮೇಲೆ ಮಜ್ಜಿಗೆ ಲೋಟ ಇಡುತ್ತಿದ್ದರು.

ನನ್ನ ಕೋಣೆಯ ಜೊತೆಗಾತಿ ನಾಗವೇಣಿ. ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯವಳು, ಅಲ್ಲೇ ಹತ್ತಿರದ ಊರೊಂದರ ಪ್ರಾಥಮಿಕ ಶಾಲೆಯ ಟೀಚರು. ಮೂವತ್ತೈದರ ಆಸುಪಾಸು. ಮಾತು ಕಡಿಮೆ. ಏನು ಕೇಳಿದರೂ ‘ಹೌದ್ರಿ’, ‘ಇಲ್ರಿ’ ಅಷ್ಟೇ. ಆದರೆ ಮಧ್ಯಾಹ್ನ ಊಟವಾದ ಮೇಲೆ ಫೋನು ಹಿಡಿದು ಹಿಂದಿನ ವರಾಂಡಕ್ಕೆ ಹೋದರೆ ಮುಕ್ಕಾಲು ಗಂಟೆ ಬರುತ್ತಿರಲಿಲ್ಲ. ಬಂದವಳೇ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, ಒಂದೂ ಚಿತ್ತು-ಕಾಟಿಲ್ಲದೆ ಬರೆಯುತ್ತಿದ್ದಳು.

ಎರಡನೇ ದಿನ ಅವಳು ಓದಿದ್ದು ಅವಳ ಅವ್ವನ ವಿಷಯ. ಕಾಲುವೆ ನೀರಿನ ಪಾಳಿ ಪಕ್ಕದ ಹೊಲದವರದು. ನಸುಕಿನಲ್ಲಿ ಅವ್ವ ಸಲಿಕೆಯಿಂದ ಒಡ್ಡು ಕಡಿದು ಆ ನೀರನ್ನು ತನ್ನ ಭತ್ತಕ್ಕೆ ತಿರುಗಿಸಿಕೊಳ್ಳುತ್ತಾಳೆ. ಪಕ್ಕದ ಹೊಲದ ಒಣಗಿದ ಸಸಿ ಕಂಡು ಮನಸ್ಸು ಕರಗಿ, ತಾನೇ ಒಡ್ಡು ಕಟ್ಟಿ ನೀರು ಬಿಟ್ಟುಕೊಡುತ್ತಾಳೆ. ಹೇಳಿದರೆ ಇಷ್ಟೇ. ಆದರೆ ಅವಳು ಓದುವಾಗ ಕೆಸರಿನ ವಾಸನೆ ನಾವು ಕೂತ ಹಾಲಿಗೆ ಬಂತು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೂ ಮೊದಲು ಬಂದದ್ದು ಮೆಚ್ಚುಗೆಯಲ್ಲ, ಗುಮಾನಿ. ಎರಡು ಮಾತು ನೆಟ್ಟಗೆ ಆಡದವಳು ಹೀಗೆ ಬರೆಯುವುದು ಹೇಗೆ?

ಅಂದು ಸಂಜೆ ಚಹಾದ ಹೊತ್ತಿಗೆ ಗುರುರಾಜ ಸರ್ ನನ್ನನ್ನು ಬೇವಿನ ಮರದ ಕೆಳಗೆ ಕರೆದರು. ‘ನಿಮ್ಮ ರೂಮಿನವರು ಫೋನಿನಾಗ ಏನು ಮಾಡ್ತಾರ ಸ್ವಲ್ಪ ನೋಡ್ರಿ ಮೇಡಂ. ನಾ ಕೇಳಿದ್ರ ಚಂದ ಇರಂಗಿಲ್ಲ.’ ನಾನು ‘ಆಗಲಿ’ ಎಂದೆ. ಬೇಡ ಎನ್ನಬೇಕೆಂದು ಹೊಳೆಯಲೂ ಇಲ್ಲ.

ಮೂರನೇ ದಿನ ಮಿನಿಬಸ್ಸಿನಲ್ಲಿ ಎಲ್ಲರನ್ನೂ ಸಿರುಗುಪ್ಪಕ್ಕೆ ಕರೆದೊಯ್ದರು. ಹೊರಡುವ ಮೊದಲು ಒಗ್ಗರಣಿ ಮಂಡಕ್ಕಿ, ಮಿರ್ಚಿ. ಬಳ್ಳಾರಿಯ ಮೆಣಸಿನಕಾಯಿ ಬಜ್ಜಿಯ ಖಾರಕ್ಕೆ ನನ್ನ ಕಿವಿ ಅರ್ಧ ದಾರಿ ಗುಂಯ್‌ಗುಟ್ಟಿತು. ಸುಮಾರು ಒಂದೂವರೆ ಗಂಟೆಯ ಹಾದಿ. ಕಾಲುವೆ ಬತ್ತಿತ್ತು. ಕೊಯ್ದ ಭತ್ತದ ಕೂಳೆ ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು. ಅಲ್ಲಿಯ ಶಾಲೆಯೊಂದರಲ್ಲಿ ಕೂರಿಸಿ, ಫೋನುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿಸಿಕೊಂಡು, ‘ಒಂದು ತಾಸು, ಇಲ್ಲೇ ಕೂತು ಬರೀರಿ’ ಎಂದರು. ಎಲ್ಲರಿಗೂ ಹೇಳಿದ್ದಾದರೂ ಪರೀಕ್ಷೆ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ನಾಗವೇಣಿಗೂ ಗೊತ್ತಿತ್ತು.

ತಾಸು ಮುಗಿದಾಗ ಅವಳು ಖಾಲಿ ಹಾಳೆ ಕೊಟ್ಟಳು.

ಗುರುರಾಜ ಸರ್ ಹಾಳೆಯನ್ನು ಎರಡೂ ಕಡೆ ತಿರುವಿ ನೋಡಿದರು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯಿತು. ನಾನೇ ಹೋಗಿ ಕೂತೆ, ಕನಿಕರಕ್ಕೋ ಒಪ್ಪಿಕೊಂಡ ಕೆಲಸಕ್ಕೋ ಹೇಳಲಾರೆ. ಕಿಟಕಿಯಾಚೆ ನೋಡುತ್ತಿದ್ದವಳು ತಾನಾಗಿಯೇ ಕೇಳಿದಳು: ‘ನನ್ನ ಕಾಯಾಕ ನಿಮಗ ಹೇಳ್ಯಾರಲ್ರೀ?’

ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ನೀರಿನ ಬಾಟಲಿ ತೆಗೆದು ಅವಳತ್ತ ಚಾಚಿದೆ.

‘ನಾಳಿ ಕುರುಗೋಡಿಗೆ ಹೋಗ್ತೀವಲ್ರಿ. ಅಲ್ಲಿಂದ ಬಾದನಹಟ್ಟಿಗೆ ನನ್ನ ಜೋಡಿ ಬರ್ರಿ. ನಾ ಫೋನ್ ಹಚ್ಚೋದು ನಮ್ಮಕ್ಕಗ. ಬಂದು ನೋಡ್ರಿ. ಸಾಲಿಗೆ ಸುದ್ದಿ ಹೋದ್ರ ನಾ ಹುಡುಗ್ರ ಮುಂದ ಹೆಂಗ ನಿಲ್ಲಬೇಕ್ರಿ?’

ನಾಲ್ಕನೇ ದಿನ ಕುರುಗೋಡಿನಲ್ಲಿ ಉಳಿದವರು ದೊಡ್ಡ ಬಸವಣ್ಣನ ಗುಡಿ ನೋಡಲು ಹೋದರು. ನಾವಿಬ್ಬರೂ ಸರ್‌ಗೆ ಹೇಳಿ ಶೇರ್ ಆಟೋ ಹಿಡಿದೆವು. ತಲೆಗೆ ಮೂವತ್ತು ರೂಪಾಯಿ. ಆಟೋದಲ್ಲಿ ನಮ್ಮ ಜೊತೆ ಎರಡು ರಸಗೊಬ್ಬರದ ಚೀಲ, ಒಂದು ಸೀಲಿಂಗ್ ಫ್ಯಾನು.

ಬಾದನಹಟ್ಟಿಯಲ್ಲಿ ನಾಗವೇಣಿಯ ಅಕ್ಕ ಈರಮ್ಮ ಮನೆಯ ಕಟ್ಟೆಯ ಮೇಲೆ ಕೂತು ವರ್ಷದ ಖಾರದ ಪುಡಿಗೆಂದು ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನನಗೆ ಸಾಲಾಗಿ ಸೀನು ಬಂದವು. ಅವಳು ಕೈ ನಿಲ್ಲಿಸದೆ ನನ್ನನ್ನು ಮೇಲಿಂದ ಕೆಳಗೆ ಅಳೆದಳು.

‘ಇವರ‍್ಯಾರು ನಾಗೀ?’

‘ನಾ ಕಳವು ಮಾಡೀನೋ ಇಲ್ಲೋ ನೋಡಾಕ ಬಂದಾರ.’

‘ಹೌದಾ? ಕುಂದರ್ರಿ ಅಕ್ಕಾರ. ಮೊದ್ಲ ನೀರು ಕುಡೀರಿ.’

ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಂದವು. ಉಂಡ ಮೇಲೆ ನಾಗವೇಣಿ ತಾನೂ ಮೆಣಸಿನಕಾಯಿ ಮುಂದೆ ಕೂತು ಅಕ್ಕನಿಗೆ ಹಿಂದಿನ ದಿನದ ಸಂಗತಿ ಹೇಳತೊಡಗಿದಳು. ಆ ಬಾಯಲ್ಲಿ ಅಷ್ಟು ಮಾತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ‘ಎಲ್ಲಾರೂ ತಲಿ ಬಗ್ಗಿಸಿ ಬರೀತಿದ್ರು. ನನಗ ಅಳು ಬಂತು’ ಎಂದಳು.

‘ಸುಳ್ಳು’ ಎಂದಳು ಈರಮ್ಮ. ‘ನಿನಗ ಸಿಟ್ಟು ಬಂದ್ರ ಅಳು ಬರಂಗಿಲ್ಲ. ಹಸಿವಾಗತೈತಿ.’

ನಾಗವೇಣಿ ಕೈ ತಡೆದಳು. ಯೋಚಿಸಿದಳು. ‘ಹೂಂ, ಹಸಿವಾಗಿತ್ತು. ಮುಂದಿನ ಬೆಂಚಿನಾಕಿ ಬ್ಯಾಗಿನಾಗ ಬಿಸ್ಕೀಟಿತ್ತು. ಅದನ್ನ ನೋಡಕೋತ ಕುಂತಿದ್ದೆ.’

‘ಹಾಂ. ಅದು ಹೇಳು. ಯಾವ ಬಿಸ್ಕೀಟು?’

ಹೀಗೇ ನಡೆಯಿತು. ತಂಗಿ ಹೇಳುವುದು, ಅಕ್ಕ ತಡೆಯುವುದು. ಹಸಿವಿನ ಮಾತೊಂದು ಬಿಟ್ಟರೆ ಈರಮ್ಮ ತಾನಾಗಿ ಏನನ್ನೂ ಸೇರಿಸಲಿಲ್ಲ. ನಂಬುತ್ತಿರಲಿಲ್ಲ, ಅಷ್ಟೇ. ಆ ಖಾಲಿ ಹಾಳೆಯ ತಾಸು ನನ್ನ ಕಣ್ಣೆದುರೇ ಕಥೆಯಾಯಿತು. ಆದರೂ ನನ್ನ ಒಳಮನಸ್ಸು ಬಿಡಲಿಲ್ಲ: ಇದನ್ನೂ ಇಬ್ಬರೂ ಮೊದಲೇ ಮಾತಾಡಿಕೊಂಡಿರಬಹುದಲ್ಲ? ‘ಬಸ್ಸಿನಾಗ ಇವರು ಬಂದು ಕುಂತ್ರು’ ಎಂದು ನಾಗವೇಣಿ ನನ್ನ ಕಡೆ ತಿರುಗಿದಾಗ ಈರಮ್ಮ ನೇರ ನನ್ನನ್ನೇ ಕೇಳಿದಳು: ‘ಮರುಕಕ್ಕ ಕುಂತ್ರೋ, ಕಾಯಾಕ ಕುಂತ್ರೋ?’

ನನಗೆ ಮತ್ತೆ ಸೀನು ಬಂತು. ಬಂದದ್ದು ಒಳ್ಳೆಯದೇ ಆಯಿತು.

ಬಳ್ಳಾರಿಗೆ ಮರಳಿದ ಮೇಲೆ ನಾನು ಕಂಡದ್ದನ್ನು ಗುರುರಾಜ ಸರ್‌ಗೆ ಹೇಳಿದೆ. ಅವರು ಕೆಂಪು ಪೆನ್ನಿನಿಂದ ಕೆನ್ನೆ ಕೆರೆದುಕೊಂಡರು. ‘ಅಂದ್ರ ಅಕ್ಕ ಹೇಳಿದ್ದನ್ನ ಇವರು ಬರಕೋತಾರ ಅಂದಂಗಾತಲ್ಲ?’

‘ಅಕ್ಕ ಹೇಳೋದಿಲ್ಲ ಸರ್. ಕೇಳ್ತಾಳೆ.’

‘ಅದನ್ನ ನಾ ಹೆಂಗ ನಂಬ್ಲಿ? ನೀವಿಬ್ರೂ ಒಂದೇ ರೂಮಿನವರು.’

ಈಗ ಗುಮಾನಿ ನನ್ನ ಮೇಲೂ ಬಂದಿತ್ತು. ಅದು ಎಷ್ಟು ಬೇಗ ಮೈಗೆ ಹತ್ತುತ್ತದೆಂದು ನನಗೆ ತಿಳಿದದ್ದು ಆವಾಗಲೇ. ರೂಮಿಗೆ ಬಂದು ನಾಗವೇಣಿಗೆ ನಡೆದದ್ದೆಲ್ಲ ಹೇಳಿದೆ, ಬೇವಿನ ಮರದ ಕೆಳಗಿನ ಮಾತನ್ನೂ ಸೇರಿಸಿ. ಅವಳು ‘ಗೊತ್ತಿತ್ರಿ’ ಎಂದು ದಿಂಬು ಸರಿಮಾಡಿಕೊಂಡು ಆ ಕಡೆ ತಿರುಗಿ ಮಲಗಿದಳು.

ಕೊನೆಯ ದಿನ ಓದುವ ಸರದಿ ಬಂದಾಗ ನಾಗವೇಣಿ ಎದ್ದು ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿದಳು. ಹಾಲಿನಲ್ಲಿ ಗುಸುಗುಸು ಎದ್ದಿತು. ‘ನಮ್ಮಕ್ಕ ಕೇಳ್ತಾಳ್ರಿ’ ಎಂದಷ್ಟೇ ಹೇಳಿ ಅವ್ವನ ಕಥೆಯನ್ನು ಮೊದಲಿನಿಂದ ಓದಿದಳು. ನಸುಕು, ಸಲಿಕೆ, ನೀರು. ಅವ್ವನ ಮನಸ್ಸು ಕರಗುವ ಜಾಗ ಬಂತು. ಫೋನಿನಿಂದ ದನಿ ಬಂತು:

‘ಏ ನಾಗೀ, ನಿಲ್ಲು. ಅವತ್ತು ಫೋನಿನಾಗೂ ನೀ ಇದನ್ನ ಹಾರಿಸಿದ್ದಿ. ಅವ್ವ ಹಂಗ ಬಿಟ್ಟಳೇನು?’

ಯಾರೋ ನಕ್ಕರು. ನಾಗವೇಣಿ ನಗಲಿಲ್ಲ. ಹಾಳೆ ಕೆಳಗಿಟ್ಟಳು.

‘ಇಲ್ಲಕ್ಕ.’

‘ಮತ್ತ?’

‘ನಮ್ಮ ಹೊಲ ತುಂಬಿದ ಮ್ಯಾಲೆ ಬಿಟ್ಟಳು.’ ಅವಳ ದನಿ ಸಣ್ಣದಾಯಿತು. ‘ಅಷ್ಟೊತ್ತಿಗೆ ಅವರ ಪಾಳಿ ಮುಗಿದಿತ್ತು. ಅವರ ಒಡ್ಡಿನ ಮ್ಯಾಲೆ ಕುಂತು ನನಗ ರೊಟ್ಟಿ ಮುರಿದು ಕೊಟ್ಟಳು. ನಾ ತಿಂದೆ.’

ಗುರುರಾಜ ಸರ್ ಪೆನ್ನು ಕೆಳಗಿಟ್ಟರು. ‘ಇದನ್ನ ಬರೀರಿ’ ಎಂದರು. ಫೋನಿನ ಕಡೆ ಬಗ್ಗಿ, ‘ತಾಯೀ, ನಿಮ್ಮ ಹೆಸರೂ ಹಾಕಬೇಕಾಗ್ತದಲ್ಲ?’ ಎಂದರು.

‘ನಂದ್ಯಾಕ್ರಿ? ಬರಿಯಾಕಿ ಆಕಿ. ಪೂರಾ ಬರದ ಮ್ಯಾಲೆ ಒಂದ್ಸಲ ಓದಿ ಹೇಳ್ರಿ. ಇನ್ನೂ ಏನೇನು ಮುಚ್ಚಿಟ್ಟಾಳೋ!’

ಈ ಸಲ ಎಲ್ಲರೂ ನಕ್ಕರು. ನಾಗವೇಣಿಯೂ ನಕ್ಕಳು. ಕಥೆ ಪುಸ್ತಕಕ್ಕೆ ಆಯ್ಕೆಯಾಯಿತು. ನನ್ನದು ಆಗಲಿಲ್ಲ, ಯಾಕೆಂದು ನಾನು ಕೇಳಲಿಲ್ಲ. ನಮಗೆ ಯಾರೂ ಏನನ್ನೂ ಮಾರಲಿಲ್ಲ. ಒಂದು ಬಟ್ಟೆ ಚೀಲ, ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು.

ಬಸ್‌ಸ್ಟ್ಯಾಂಡಿಗೆ ಇಬ್ಬರೂ ಒಂದೇ ಆಟೋದಲ್ಲಿ ಬಂದೆವು. ‘ಬರ್ತೀನ್ರಿ ಮೇಡಂ’ ಎಂದು ಅವಳು ಸಿರುಗುಪ್ಪದ ಬಸ್ಸು ನಿಲ್ಲುವ ಕಡೆ ನಡೆದಳು. ನಾನು ಚಳ್ಳಕೆರೆ ಕಡೆಯ ಬಸ್ಸಿನಲ್ಲಿ ಕಿಟಕಿ ಹಿಡಿದೆ. ಬಸ್ಸು ಹಿಂದಕ್ಕೆ ಸರಿಯುವಾಗ ನೋಡಿದರೆ, ಕಂಬಕ್ಕೆ ಒರಗಿದ ನಾಗವೇಣಿ ಕಿವಿಗೆ ಫೋನು ಹಚ್ಚಿ ಮಾತಾಡುತ್ತಿದ್ದಳು. ನನ್ನ ಬಸ್ಸಿನ ಕಡೆ ಒಮ್ಮೆ ನೋಡಿದಳು, ಮಾತು ನಿಲ್ಲಿಸಿದಳು, ಮತ್ತೆ ಏನನ್ನೋ ತಿದ್ದಿ ಹೇಳಿದಂತಿತ್ತು. ನನ್ನ ವಿಷಯವೇ ಇರಬೇಕು. ಅಕ್ಕ ಯಾವ ಮಾತಿಗೆ ತಡೆದಳೆಂದು ಕೇಳಿಸೀತೇನೋ ಎಂದು ಕಿಟಕಿಯಿಂದ ಕತ್ತು ಚಾಚಿದೆ.

‘ತಲಿ ಒಳಗ ತಗೋರಿ ಅಕ್ಕಾರ’ ಎಂದ ಕಂಡಕ್ಟರ್. ಬಸ್ಸು ರಸ್ತೆಗೆ ತಿರುಗಿತು.