ಕುಳ್ಳಿನೊಳಗಿನ ಸೌತೆ ಬೀಜ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಬೀಜಗಳು ಗೋಡೆಯ ಮೇಲೆ ಇರುತ್ತಿದ್ದವು ಎಂದರೆ ನೀವು ನಗುತ್ತೀರಿ. ನಗಿ, ನಗುವ ವಯಸ್ಸೇ ನಿಮ್ಮದು. ಅವ್ವ ಸೌತೆ ಬೀಜವನ್ನು ಹಸಿ ಸೆಗಣಿಯಲ್ಲಿ ಕಲಸಿ, ಕುಳ್ಳಿನಂತೆ ತಟ್ಟಿ, ಕೊಟ್ಟಿಗೆಯ ಗೋಡೆಗೆ ಬಡಿಯುತ್ತಿದ್ದಳು. ಒಣಗಿದ ಮೇಲೆ ಹುಳ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಉರುವಲಿನ ಕುಳ್ಳಿನ ಜೊತೆ ಬೆರೆಯಬಾರದೆಂದು ಬೀಜದ ಕುಳ್ಳಿಗೆ ಸುಣ್ಣದ ಬೊಟ್ಟು ಇಡುತ್ತಿದ್ದಳು.

ನಮ್ಮೂರು ಕುಡಚಿಯ ಹತ್ತಿರ, ಕೃಷ್ಣೆಯ ದಂಡೆಯಲ್ಲಿ. ಅದು ಎಂಬತ್ತರ ದಶಕ, ನನಗಾಗ ಒಂಬತ್ತು ವರ್ಷ. ಆ ಮಳೆಗಾಲ ಹೊಳೆ ಊರೊಳಗೆ ಬಂದು, ಓಣಿಯ ಹತ್ತು ಮನೆಗಳ ಬೀಜವೆಲ್ಲ ಕೊಳೆತುಹೋಗಿತ್ತು. ದಿಬ್ಬದ ಮೇಲಿದ್ದ ನಮ್ಮ ಕೊಟ್ಟಿಗೆಯಲ್ಲಿ ಮೂರು ಕುಳ್ಳು ಮಾತ್ರ ಉಳಿದಿದ್ದವು. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಳಿ ಅದು. ಮೊಣಕೈ ಉದ್ದದ ಕಾಯಿ, ಕಹಿ ಎಂಬುದೇ ಇಲ್ಲ. ಬೇಸಿಗೆಯಲ್ಲಿ ಅದನ್ನು ಕುಡಚಿ ಸ್ಟೇಷನ್ನಿಗೆ ಒಯ್ದು ಮಾರಿಯೇ ಓಣಿಯ ಹೆಂಗಸರು ಮನೆ ನಡೆಸುತ್ತಿದ್ದರು.

ಎಳ್ಳಮವಾಸ್ಯೆ ಮುಗಿದ ವಾರ ಅವ್ವ ಮತ್ತು ನೆರೆಮನೆಯ ಕಾಕೂ ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆದು, ಹೊಳೆದಂಡೆಯ ತೋಟದ ಲೆಕ್ಕ ಹಾಕಿದರು. ಇಲ್ಲಿ ಬದನೆ, ಅಲ್ಲಿ ಮೆಂತ್ಯ, ನೀರಿಗೆ ಹತ್ತಿರ ಸೌತೆ. ಒಂದು ಕುಳ್ಳು ನಮಗೆ, ಎರಡು ಓಣಿಗೆ. ಮರುದಿನವೇ ಬೀಜ ನೆನೆಹಾಕುವುದೆಂದು ಮಾತಾಯಿತು.

ಮರುದಿನ ಬೆಳಿಗ್ಗೆ ಹೊಳೆಯ ಮಂಜು ನಮ್ಮ ಅಂಗಳದವರೆಗೆ ಬಂದಿತ್ತು. ನೀರೊಲೆ ಹಚ್ಚುವ ಪಾಳಿ ನನ್ನದು. ಉರುವಲೆಲ್ಲ ಇಬ್ಬನಿಗೆ ನೆನೆದು ಬರೀ ಹೊಗೆ. ಕಣ್ಣು ಉರಿಯುತ್ತಿತ್ತು, ಬೆರಳು ಮರಗಟ್ಟಿದ್ದವು. ಗೋಡೆಯ ಮೇಲೆ ಮೂರು ಒಣ ಕುಳ್ಳು ಕಂಡವು. ಮಬ್ಬಿನಲ್ಲಿ ಸುಣ್ಣದ ಬೊಟ್ಟು ಕಾಣಲಿಲ್ಲ ಎಂದು ಅವತ್ತು ಎಲ್ಲರಿಗೂ ಹೇಳಿದೆ. ಸುಳ್ಳು. ಕಂಡಿತ್ತು. ಇಷ್ಟು ವರ್ಷದಲ್ಲಿ ಇದನ್ನು ನಿಮಗೇ ಮೊದಲು ಹೇಳುತ್ತಿದ್ದೇನೆ. ಒಂದೇ ಒಂದು ಹಾಕಿದರೆ ಸಾಕು ಎಂದುಕೊಂಡಿದ್ದೆ. ಹಾಕಿದ ಮೇಲೆ ಮೈ ಬೆಚ್ಚಗಾಯಿತು, ಕೈ ತಡೆಯಲಿಲ್ಲ, ಮೂರೂ ಒಲೆ ಸೇರಿದವು.

ಒಲೆಯಲ್ಲಿ ಚಟಚಟ ಸದ್ದು ಶುರುವಾಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಆ ಸದ್ದು ಏನೆಂದು ತಕ್ಷಣ ಗೊತ್ತಾಯಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದು, ಬರಿಗೈಯನ್ನು ಬೆಂಕಿಗೆ ಹಾಕಿ ಎಳೆದಳು. ಬಂದದ್ದು ಅರ್ಧ ಸುಟ್ಟ ಒಂದು ತುಂಡು. ಅವ್ವ ಹೊಡೆಯಲಿಲ್ಲ. ಅಲ್ಲೇ ಕುಸಿದು ಕುಳಿತು, “ನನ್ನ ತವರ ಸುಟ್ಟಿ ಬೇ,” ಎಂದಳು. ಬಾಸುಂಡೆ ಬರುವಂತೆ ಹೊಡೆದಿದ್ದರೂ ನಾನು ಅಷ್ಟು ಅಳುತ್ತಿರಲಿಲ್ಲ.

ಅಕ್ಕ ಆ ತುಂಡನ್ನು ಮೆಲ್ಲಗೆ ಒಡೆದು, ಸಿಕ್ಕ ಬೀಜಗಳನ್ನು ಬೋಗುಣಿಯ ನೀರಿಗೆ ಹಾಕಿದಳು. ಜೀವವಿದ್ದದ್ದು ಮುಳುಗುತ್ತದೆ, ಸತ್ತದ್ದು ತೇಲುತ್ತದೆ. ಎಲ್ಲವೂ ತೇಲಿದವು. ಅಪ್ಪ ನೋಡಲಾರದೆ ಎದ್ದು ಹೊರಗೆ ಹೋದ. ನಾನು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮುಳುಗು, ಮುಳುಗು ಎಂದು ಒಂದೊಂದು ಬೀಜವನ್ನೂ ಬೇಡಿಕೊಂಡೆ. ಮಧ್ಯಾಹ್ನ ಉಣ್ಣಲು ಕರೆದರೂ ಏಳಲಿಲ್ಲ. ಸಂಜೆಯ ನೆರಳು ಅಂಗಳ ದಾಟುವ ಹೊತ್ತಿಗೆ ಏಳು ಬೀಜ ತಳ ಸೇರಿದ್ದವು. ಹತ್ತು ಮನೆಗೆ ಏಳು ಬೀಜ.

ಕಾಕೂ ಬಂದು ಬೋಗುಣಿಯ ತಳದ ಬೀಜಗಳನ್ನು ಬೆರಳಿನಿಂದ ಎಣಿಸಿದಳು. ಆಮೇಲೆ ಅವ್ವನಿಗೆ, “ಏಳೂ ನೀವ ಹಾಕ್ರಿ ವೈನಿ. ಆದ್ರ ಒಂದ ಕಾಯಿನೂ ಹರಿಬ್ಯಾಡ್ರಿ. ಎಲ್ಲಾ ಬೀಜಕ್ಕ ಬಿಡ್ರಿ,” ಎಂದಳು. ಅವ್ವ ತಲೆಯಾಡಿಸಿ, ಏಳನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಚಳಿ ತಾಗದಂತೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಅಂಗೈ ತುಂಬ ಬೊಬ್ಬೆ ಎದ್ದಿದ್ದವು.

ಮೊಳೆತದ್ದು ನಾಲ್ಕು. ಬಳ್ಳಿ ಕಾಯುವ ಕೆಲಸ ನನಗೆ ಬಂತು. ಆ ಬೇಸಿಗೆ ಓಣಿಯಿಂದ ಒಂದು ಬುಟ್ಟಿಯೂ ಸ್ಟೇಷನ್ನಿಗೆ ಹೋಗಲಿಲ್ಲ. ಕಾಕೂ ಬೇರೆಯವರ ಕಬ್ಬಿನ ಹೊಲಕ್ಕೆ ಕೂಲಿ ಹೋದಳು. ಎಳೆಯ ಕಾಯಿಗಳು ನನ್ನ ಕಣ್ಣೆದುರೇ ಬಲಿತು ಹಳದಿಯಾದವು. ಒಂದು ದಿನ ಕಾಕೂನ ಸಣ್ಣ ಮಗಳು ಬೇಲಿಯಾಚೆ ನಿಂತು ಒಂದೇ ಒಂದು ಕಾಯಿ ಕೇಳಿದಳು. ಕೊಡಲಿಲ್ಲ. ನಾನೂ ತಿನ್ನಲಿಲ್ಲ. ಮುಂದಿನ ವರ್ಷ ಹತ್ತೂ ಮನೆಗೆ ಬೀಜ ಸಿಕ್ಕಿತು ಎನ್ನುವುದು ನಿಜ, ಆದರೆ ಆ ಬೇಸಿಗೆ ಯಾರಿಗೂ ತಿರುಗಿ ಬರಲಿಲ್ಲ.

ಈಗ ನಿಪ್ಪಾಣಿಯ ಮನೆಯ ಮಾಳಿಗೆಯಲ್ಲಿ ನೀವೂ ಚಳಿಗಾಲಕ್ಕೆ ಬೀಜ ಹಾಕುತ್ತೀರಿ. ಪ್ಯಾಕೆಟ್ಟಿನ ಮೇಲೆ ಬಣ್ಣದ ಚಿತ್ರ, ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲಾಗಿ ಗುಳಿ. ಮೊಳೆಯದಿದ್ದರೆ ಫೋನ್ ಒತ್ತುತ್ತೀರಿ, ಇನ್ನೊಂದು ಪ್ಯಾಕೆಟ್ ಬರುತ್ತದೆ. ಒಳ್ಳೆಯದೇ ಆಯಿತು, ಯಾವ ಮಗುವೂ ಬೋಗುಣಿಯ ಮುಂದೆ ಹಾಗೆ ಕೂರಬಾರದು. ಮೊನ್ನೆ ಕುಂಡದ ಮೊದಲ ಸೌತೆಕಾಯಿಯನ್ನು ಹೋಳು ಮಾಡಿ ಕೊಟ್ಟಿರಿ, ಅಜ್ಜಿ ಯಾಕೆ ತಿನ್ನಲಿಲ್ಲ ಎಂದು ಕೇಳಿದಿರಿ. ಆ ಹೋಳನ್ನು ಹಿಡಿದುಕೊಂಡು ನಾನು ಬೇಲಿಯಾಚೆ ನಿಂತ ಹುಡುಗಿಯನ್ನು ನೆನೆಯುತ್ತಿದ್ದೆ. ಅವಳಿಗೆ ಕಾಯಿಯನ್ನೂ ಕೊಡಲಿಲ್ಲ, ನಿಜವನ್ನೂ ಹೇಳಲಿಲ್ಲ.